ಬದನೆ ಮಡಿಯ ಸುದ್ದಿ

ಮಲಪ್ರಭೆಯ ದಂಡೆಯ ಮೇಲೆ, ಆಶ್ರಮದ ಹಿಂದಿನ ಹೊಲದಲ್ಲಿ, ಚಿಕ್ಕ ಮಕ್ಕಳ ಶಾಲೆಯೊಂದು ನಡೆಯುತ್ತಿತ್ತು. ಮುಂಜಾನೆ ಅಕ್ಷರ, ಲೆಕ್ಕ. ಊಟವಾದ ಮೇಲೆ ಮಣ್ಣು, ಬೀಜ, ನೀರು.

ಶಾಲೆ ಕಟ್ಟಿದವರು ಆಶ್ರಮದ ನೀಲಾಂಬಿಕೆ ತಾಯಿ. ಊರವರಿಗೆಲ್ಲ ಅವರು ಅಕ್ಕೋರು. ಮೊಣಕಾಲು ನೋಯುತ್ತಿದ್ದರೂ ಮಡಿಗಳ ನಡುವೆ ಕೂತು ಮಕ್ಕಳ ಜೊತೆ ಕಳೆ ಕೀಳುತ್ತಿದ್ದರು.

ಚನ್ನವೀರ ಅವರ ಶಿಷ್ಯ. ಮಕ್ಕಳಿಗೆ ಅವನೇ ಮಾಸ್ತರ.

ಮಕ್ಕಳ ಮನೆಯವರೂ ಶಾಲೆಗೆ ಬಂದುಹೋಗಬೇಕು ಎಂಬುದು ಅಕ್ಕೋರ ಆಸೆ. ಅದಕ್ಕೆಂದೇ ಶನಿವಾರ ಬಾಗಿಲು ತೆರೆದಿಡುತ್ತಿದ್ದರು. ಮನೆಯವರನ್ನು ಕರೆಯುವ ಕೆಲಸ ಚನ್ನವೀರನದು. ವಾರಕ್ಕೊಮ್ಮೆ ಹನುಮಪ್ಪನ ಗುಡಿಗೆ ಹೋಗಿ ಮೈಕಿನಲ್ಲಿ ಶಾಲೆಯ ಸುದ್ದಿ ಹೇಳಿ ಬರುತ್ತಿದ್ದ.

ಶನಿವಾರ ಮಾತ್ರ ಯಾರೂ ಬರುತ್ತಿರಲಿಲ್ಲ. ಹಾಸಿದ ಜಮಖಾನೆಯನ್ನು ಸಂಜೆ ಅವನೇ ಮಡಚಿಡುತ್ತಿದ್ದ.

ಒಂದು ಸಂಜೆ ಅಕ್ಕೋರ ಮುಂದೆ ಕೂತು ಹೇಳಿದ:

"ನಮ್ಮ ಊರ ಮಂದಿಗೆ ಮಕ್ಕಳ ಮ್ಯಾಲ ಅಕ್ಕರತಿ ಇಲ್ರಿ."

"ಯಾಕಪ್ಪಾ?"

"ಇಷ್ಟು ಸುದ್ದಿ ಹೇಳ್ತೀನಿ. ಒಬ್ಬರೂ ಬರವಲ್ರು."

"ಏನ ಸುದ್ದಿ ಹೇಳತಿ?"

ಅವನು ಉತ್ಸಾಹದಿಂದ ಹೇಳತೊಡಗಿದ. ಮೆಂತೆ ಸೊಪ್ಪು ಹುಲುಸಾಗಿ ಬಂದಿದೆ ಎಂದು ಹೇಳಿದ್ದ. ಬದನೆ ಮಡಿ ನೋಡಲು ಎರಡು ಕಣ್ಣು ಸಾಲದು ಎಂದು ಹೇಳಿದ್ದ. ಇಂಥ ಶಾಲೆ ಸುತ್ತ ಹತ್ತೂರಲ್ಲಿ ಇಲ್ಲ ಎಂದೂ ಹೇಳಿದ್ದ.

ಅಕ್ಕೋರು ಪೂರ್ತಿ ಕೇಳಿದರು.

"ಛಲೋ ಐತಿ. ಇದನ್ನ ಕೇಳಿದವರು ಏನ ಮಾಡಬೇಕು?"

ಚನ್ನವೀರ ಯೋಚಿಸಿದ. "ಸಂತೋಷ ಪಡಬೇಕ್ರಿ."

"ಪಟ್ಟಿರತಾರ ತಗೋ," ಎಂದರು ಅಕ್ಕೋರು. "ಸಂತೋಷ ಮನ್ಯಾಗ ಕುಂತೂ ಪಡಬಹುದಲ್ಲ."

ಅವನಿಗೆ ಅದು ತಮಾಷೆಯ ಮಾತಿನಂತೆ ಕೇಳಿಸಿತು. ಸ್ವಲ್ಪ ಬೇಜಾರೂ ಆಯಿತು.

ಆ ವಾರವೇ ಯಮನಪ್ಪ ಬಂದ.

ಯಮನಪ್ಪ ರೇಣುಕಾಳ ತಂದೆ. ರೇಣುಕಾ ಮೂರನೆಯ ತರಗತಿಯ ಹುಡುಗಿ, ಬದನೆ ಮಡಿಗೆ ನೀರು ಬಿಡುವವಳು. ಯಮನಪ್ಪ ಒಳಗೆ ಬರಲಿಲ್ಲ. ಬೇಲಿಯ ಹೊರಗೇ ನಿಂತು ಮಾತಾಡಿದ.

"ಮಾಸ್ತರ, ಅಮಾಸಿ ಆದ ಮ್ಯಾಲ ಹುಡುಗೀನ ಬಿಡಸ್ತೀನ್ರಿ."

"ಯಾಕ್ರಿ? ಏನ ತಪ್ಪಾತು?"

"ತಪ್ಪೇನಿಲ್ಲ. ಪ್ಯಾಟಿ ಶಾಲಿದು ಬಸ್ ಬರತೈತಿ. ಮಣ್ಣಾಗಿನ ಕೆಲಸ ನಮ್ಮ ತಲಿಗೇ ಸಾಕು. ನನ್ನ ಮಗಳು ಕುರ್ಚಿ ಮ್ಯಾಲ ಕೂಡ್ಲಿ. ಇಲ್ಲಿ ನೀವು ಅದನ್ನ ಕಲಸ್ತೀರಿ, ಮನ್ಯಾಗ ನಾನೂ ಅದನ್ನ ಕಲಸೂದಾದ್ರ ಶಾಲಿ ಯಾಕ ಬೇಕು?"

ಚನ್ನವೀರನಿಗೆ ಚಿಂತೆ ಹತ್ತಿತು. ಯಮನಪ್ಪನ ಮಾತಿಗೆ ಊರಲ್ಲಿ ಬೆಲೆಯಿತ್ತು. ಅವನು ಮಗಳನ್ನು ಬಿಡಿಸಿದರೆ ಅವನ ಓಣಿಯವರೆಲ್ಲ ಬಿಡಿಸುತ್ತಾರೆ. ಆಮೇಲೆ ಶಾಲೆಯಲ್ಲಿ ಉಳಿಯುವವರು ಯಾರು?

ಅವನು ಅಕ್ಕೋರಿಗೆ ಹೇಳಿದ. ಅಕ್ಕೋರು, "ಮಗಳ ಮ್ಯಾಲ ಭಾಳ ಜೀವ ಅವಗ," ಎಂದಷ್ಟೇ ಅಂದರು.

ಮುಂದಿನ ಸಲ ಗುಡಿಗೆ ಹೋದಾಗ ಚನ್ನವೀರ ಇನ್ನೂ ಜೋರಾಗಿ ಶಾಲೆಯನ್ನು ಹೊಗಳಿದ. ಬದನೆ ಮಡಿಯ ಬಗ್ಗೆಯಂತೂ ಬಹಳ ಹೊತ್ತು ಹೇಳಿದ.

ಅದಾಗಿ ಸ್ವಲ್ಪ ದಿನಕ್ಕೆ ಬದನೆ ಗಿಡಗಳು ಬಾಡತೊಡಗಿದವು.

ಮೊದಲು ಕೆಳಗಿನ ಸಾಲಿನ ಗಿಡಗಳು ತಲೆ ಇಳಿಬಿಟ್ಟವು. ಎಲೆ ಹಸಿರಾಗಿಯೇ ಇತ್ತು, ಗಿಡ ಮಾತ್ರ ಸತ್ತಿತ್ತು. ಮರುದಿನ ಅದರ ಮೇಲಿನ ಸಾಲು. ನೀರು ಬಿಟ್ಟರೂ ಏಳಲಿಲ್ಲ.

ಅದರ ಮರುದಿನ ಬೆಳಕು ಹರಿಯುತ್ತಲೇ ಚನ್ನವೀರ ಒಬ್ಬನೇ ಮಡಿಗೆ ಹೋದ. ಸತ್ತ ಗಿಡಗಳನ್ನು ಕಿತ್ತು ಬುಟ್ಟಿಗೆ ತುಂಬತೊಡಗಿದ.

ಹಿಂದೆ ಅಕ್ಕೋರ ಕೋಲಿನ ಸಪ್ಪಳವಾಯಿತು.

"ಏನ ಮಾಡಾಕತ್ತಿ ತಮ್ಮಾ?"

"ಮಕ್ಕಳು ಬರೂದರಾಗ ತಗದ ಬಿಡ್ತೀನ್ರಿ. ನರ್ಸರಿಯಿಂದ ಬ್ಯಾರೆ ಸಸಿ ತಂದು ಹಚ್ಚತೀನಿ. ಯಾರಿಗೂ ತಿಳಿಯೂದಿಲ್ಲ."

"ಯಾರಿಗೆ ತಿಳೀಬಾರದು?"

ಅವನು ತಲೆ ಎತ್ತಲಿಲ್ಲ. "ಊರಿಗ್ರಿ. ಅದರಾಗೂ ಯಮನಪ್ಪಗ."

ಅಕ್ಕೋರು ಅಲ್ಲೇ ಮಡಿಯ ಬದುವಿನ ಮೇಲೆ ಕೂತರು. ಮಕ್ಕಳು ಬರುವವರೆಗೂ ಕೂತೇ ಇದ್ದರು. ಗುರುಗಳು ಕೂತಿರುವಾಗ ಚನ್ನವೀರನ ಕೈ ಓಡಲಿಲ್ಲ.

ಮಕ್ಕಳು ಬಂದು ಬುಟ್ಟಿ ನೋಡಿದರು. ರೇಣುಕಾ ಒಂದು ಗಿಡ ಎತ್ತಿಕೊಂಡು, ಅದರ ಬೇರಿನ ಮಣ್ಣನ್ನು ಲಂಗದಿಂದ ಒರೆಸಿದಳು. ಅಳಲಿಲ್ಲ. ಉಳಿದವರಲ್ಲಿ ಕೆಲವರು ಅತ್ತರು.

"ಯಾಕ ಸತ್ತುವ್ರಿ ಅಕ್ಕೋರ?" ಎಂದಳು ರೇಣುಕಾ.

"ನನಗ ತಿಳಿವಲ್ದು ನನ್ನವ್ವಾ."

"ಮಾಸ್ತರಿಗೆ?"

ಚನ್ನವೀರ ಇಲ್ಲವೆಂದು ತಲೆಯಾಡಿಸಿದ.

ಮಕ್ಕಳು ತರಗತಿಗೆ ಹೋದ ಮೇಲೆ ಅಕ್ಕೋರು ಎದ್ದರು.

"ಇವತ್ತ ಸುದ್ದಿ ಹೇಳೂ ದಿನ ಅಲ್ಲ?"

"ಹೌದ್ರಿ."

"ಹಂಗಾರ ಇದನ್ನ ಹೇಳಿ ಬಾ."

"ಇದನ್ನ ಹೆಂಗ ಹೇಳಲ್ರಿ? ನಾಚಿಕಿ ಆಗತೈತಿ."

"ಆಗ್ಲಿ. ಹೇಳು."

ಸಂಜೆ ಚನ್ನವೀರ ಮೈಕು ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತ. ಗುಡಿಯ ಕಟ್ಟೆಯ ಮೇಲಿದ್ದವರು ಮೈಕು ಕೆಟ್ಟಿದೆ ಎಂದುಕೊಂಡರು. ಆಮೇಲೆ ಅವನು ಹೇಳಿದ:

"ಮಕ್ಕಳು ಹಚ್ಚಿದ ಬದನಿ ಗಿಡ ಸಾಯಾಕತ್ತಾವು. ಯಾಕಂತ ನಮಗ ತಿಳಿವಲ್ದು."

ಇಷ್ಟು ಹೇಳಿ ಮೈಕು ಕೆಳಗಿಟ್ಟ. ಯಾರ ಮುಖವನ್ನೂ ನೋಡದೆ ಹೊಳೆಯ ದಾರಿ ಹಿಡಿದು ಬಂದುಬಿಟ್ಟ.

ಮರುದಿನ ಶನಿವಾರವಲ್ಲ. ಜಮಖಾನೆ ಹಾಸಿರಲಿಲ್ಲ.

ಬೆಳಿಗ್ಗೆ ಮೊದಲು ಬಂದವಳು ಸಾವಂತ್ರೆವ್ವ, ಮೂವರು ಮೊಮ್ಮಕ್ಕಳನ್ನು ಈ ಶಾಲೆಗೆ ಕಳಿಸುವ ಮುದುಕಿ. ಸೆರಗಿನಲ್ಲಿ ಒಲೆಯ ಬೂದಿ ಕಟ್ಟಿಕೊಂಡು ಬಂದಿದ್ದಳು.

"ಎಲ್ಲಿ ಆ ಗಿಡ? ತೋರಸ್ರಿ," ಎನ್ನುತ್ತ ನೇರ ಮಡಿಗೇ ನಡೆದಳು.

ಅವಳ ಹಿಂದೆ ಮೌಲಾಸಾಬ ಬೇವಿನ ಹಿಂಡಿ ಹೊತ್ತು ಬಂದ. ಅವನ ಮಗ ಒಂದನೆಯ ತರಗತಿ. ಬೂದಿಯಿಂದ ಏನೂ ಆಗದು ಎಂದು ಅವನು ಹೇಳಿದ. ಹಿಂಡಿಯಿಂದಲೂ ಏನೂ ಆಗದು ಎಂದು ಸಾವಂತ್ರೆವ್ವ ಹೇಳಿದಳು. ಇನ್ನೂ ನಾಲ್ಕಾರು ಮನೆಯವರು ಬಂದರು. ನೀರು ಹೆಚ್ಚಾಯಿತು ಎಂದರು ಕೆಲವರು. ಬೇರಿಗೆ ಹುಳ ಬಿದ್ದಿದೆ ಎಂದರು ಕೆಲವರು. ಯಾರದೋ ಕಣ್ಣು ತಾಗಿದೆ ಎಂದಳೊಬ್ಬಳು.

"ಮಾಸ್ತರ ಮೈಕಿನ್ಯಾಗ ಅಷ್ಟು ಹೊಗಳಿದ್ರ ತಾಗದ ಇರತೈತೇನು?" ಎಂದಳು ಸಾವಂತ್ರೆವ್ವ. ಎಲ್ಲರೂ ನಕ್ಕರು. ಚನ್ನವೀರನಿಗೂ ನಗು ಬಂತು.

ಕೊನೆಗೆ ಯಮನಪ್ಪ ಬಂದ. ಈ ಸಲವೂ ಬೇಲಿಯ ಹೊರಗೇ ನಿಂತ.

"ಕೇಳಿದೆ ಮಾಸ್ತರ. ಒಕ್ಕಲುತನ ಕಲಸೂ ಶಾಲ್ಯಾಗ ಗಿಡಾನ ಸಾಯಾಕತ್ತಾವಂತ. ಅಮಾಸಿತನ ಯಾಕ ಕಾಯೂದು? ಇವತ್ತ ಕರಕೊಂಡು ಹೊಕ್ಕೀನಿ."

ಚನ್ನವೀರ ಅಕ್ಕೋರ ಕಡೆ ನೋಡಿದ. ಅವರು ಕಳೆ ಕೀಳುತ್ತಲೇ ಇದ್ದರು.

"ರೇಣುಕಾ ಅಲ್ಲೇ ಮಡ್ಯಾಗ ಅದಾಳ. ಕರಕೊಂಡು ಹೋಗು," ಎಂದರು.

ಯಮನಪ್ಪ ಬೇಲಿ ದಾಟಿ ಒಳಗೆ ಬಂದ.

ಮಗಳು ಮಡಿಯ ಕೆಳತುದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ತಂದೆಯನ್ನು ನೋಡಿ ಕೈ ಮಾಡಿ ಕರೆದಳು.

"ಯಪ್ಪಾ, ಇಲ್ಲಿ ಬಾ. ಮೊದಲ ಸತ್ತದ್ದು ಈ ಸಾಲು. ನೀರು ನಿಲ್ಲೂದೂ ಇಲ್ಲೇ. ಯಾಕ?"

"ಇಳಜಾರ ಐತಿ, ಅದಕ್ಕ."

"ಇಳಜಾರ ಇದ್ರ ನೀರು ಬರತೈತಿ. ಗಿಡ ಯಾಕ ಸಾಯ್ತೈತಿ?"

"ಬೇರಿಗೆ ಗಾಳಿ ಸಿಗೂದಿಲ್ಲ."

"ಹಂಗಾರ ಮ್ಯಾಲಿನ ಸಾಲು ಯಾಕ ಬಾಡಾಕತ್ತೈತಿ? ಅಲ್ಲಿ ನೀರು ನಿಲ್ಲೂದಿಲ್ಲಲ್ಲ."

ಯಮನಪ್ಪ ಮೇಲಿನ ಸಾಲಿಗೆ ಹೋಗಿ ಒಂದು ಗಿಡ ಮುಟ್ಟಿ ನೋಡಿದ. ಬುಡದ ಮಣ್ಣು ಕೆದಕಿದ. ಮೂಸಿದ.

"ತಿಳಿವಲ್ದವಾ," ಎಂದ.

"ನೋಡೂಣು ನಡಿ," ಎಂದಳು ಮಗಳು. "ನೀರು ಆ ಕಡೆ ತಿರುಗಿಸಿದ್ರ ಏನಾಗತೈತಿ ನೋಡೂಣು."

ಅವಳು ಗುದ್ದಲಿ ತಂದು ಕೊಟ್ಟಳು. ಅವನು ಇಸಿದುಕೊಂಡ. ಮಗಳು ಗೆರೆ ಎಳೆದಲ್ಲಿ ಅವನು ಕಾಲುವೆ ತೋಡಿದ. ನಡುನಡುವೆ ಅವಳು ಯಾಕೆ ಅನ್ನುತ್ತಿದ್ದಳು. ಅವನು ನಿಂತು ಯೋಚಿಸುತ್ತಿದ್ದ. ಗೊತ್ತಿದ್ದುದಕ್ಕೆ ಉತ್ತರ ಹೇಳುತ್ತಿದ್ದ, ಗೊತ್ತಿಲ್ಲದಿದ್ದರೆ ಮತ್ತೆ ತೋಡುತ್ತಿದ್ದ.

ಊಟದ ಹೊತ್ತಿಗೆ ಅವನು ಮರದ ನೆರಳಿಗೆ ಬಂದು ಅಕ್ಕೋರ ಹತ್ತಿರ ಕೂತ. ರೊಟ್ಟಿ ಮುರಿಯುತ್ತ ತನ್ನಷ್ಟಕ್ಕೇ ಎಂಬಂತೆ ಹೇಳಿದ:

"ನಮ್ಮಪ್ಪ ಹಿಂಗ ಮಾಡು ಅಂತಿದ್ದ, ಮಾಡ್ತಿದ್ದೆ. ಯಾಕ ಅಂತ ಕೇಳಿದ್ರ ಹೊಡೆತ ಬೀಳತಿತ್ತು."

ಅಕ್ಕೋರು ಅವನ ತಾಟಿಗೆ ಇನ್ನಷ್ಟು ಪಲ್ಯ ಹಾಕಿದರು.

ಗಿಡಗಳು ಉಳಿಯಲಿಲ್ಲ. ಬೂದಿ ಹಾಕಿದ ಸಾಲೂ ಸತ್ತಿತು, ಹಿಂಡಿ ಹಾಕಿದ ಸಾಲೂ ಸತ್ತಿತು. ಹೊಸ ಕಾಲುವೆಯಿಂದ ಒಂದೆರಡು ಗಿಡ ಹೆಚ್ಚು ದಿನ ನಿಂತವು, ಆಮೇಲೆ ಅವೂ ಹೋದವು. ಅಮಾವಾಸ್ಯೆಯ ಹೊತ್ತಿಗೆ ಮಡಿ ಬರಿದಾಯಿತು. ಎಲ್ಲರೂ ಸೇರಿ ಸತ್ತ ಗಿಡಗಳನ್ನು ರಾಶಿ ಹಾಕಿ ಸುಟ್ಟರು. ಇನ್ನು ಆ ಮಡಿಯಲ್ಲಿ ಬದನೆ ಬೇಡ, ಜೋಳ ಬಿತ್ತೋಣ ಎಂದು ಮಕ್ಕಳೂ ದೊಡ್ಡವರೂ ಕೂಡಿ ನಿರ್ಧರಿಸಿದರು.

ಅಮಾವಾಸ್ಯೆ ಕಳೆಯಿತು. ರೇಣುಕಾ ಶಾಲೆಗೆ ಬರುತ್ತಲೇ ಇದ್ದಳು.

ಚನ್ನವೀರ ತಡೆಯಲಾರದೆ ಕೇಳಿದ:

"ಅಕ್ಕೋರ, ಯಮನಪ್ಪ ಏನ ನಿರ್ಧಾರ ಮಾಡ್ಯಾನೋ ಕೇಳಲ್ರಿ?"

"ಕೇಳಬ್ಯಾಡ. ಅವನು ಮಡ್ಯಾಗ ಜೋಳ ಬಿತ್ತಾಕತ್ತಾನ. ಬಿತ್ತೂ ಮನಶ್ಯಾನ್ನ ತಡೀಬಾರದು."

ಕೆಲವು ದಿನಗಳ ಮೇಲೆ ಯಮನಪ್ಪ ತಾನಾಗಿಯೇ ಹೇಳಿದ. "ಐದನೇ ಕ್ಲಾಸ ಇಲ್ಲೇ ಮುಗಸಲ್ರಿ ಮಾಸ್ತರ. ಬಸ್ ಏನ ಓಡಿ ಹೋಗೂದಿಲ್ಲ." ಹೇಳಿದ್ದು ಬಸ್ಸಿನ ಮೇಲೆ ಸಿಟ್ಟಿರುವವನಂತೆ.

ಚನ್ನವೀರನ ಸುದ್ದಿಗಳು ಈಗ ಚಿಕ್ಕವಾಗಿದ್ದವು. ಒಮ್ಮೆ ಕೋಳಿ ಕಾವಿಗೆ ಕೂರುತ್ತಿಲ್ಲ ಎಂದು ಹೇಳಿದ. ಇನ್ನೊಮ್ಮೆ ಜೋಳ ಮೊಳೆತಿದೆ, ಗುಬ್ಬಿ ಬಿಡುತ್ತಿಲ್ಲ ಎಂದು ಹೇಳಿದ. ಶನಿವಾರ ಜಮಖಾನೆ ಸಾಲುತ್ತಿರಲಿಲ್ಲ.

ಒಂದು ಬೆಳಿಗ್ಗೆ ರೇಣುಕಾ ಓಡಿ ಬಂದಳು. ಏದುಸಿರು ಬಿಡುತ್ತ ಅಕ್ಕೋರ ಮುಂದೆ ನಿಂತಳು.

"ನಮ್ಮಪ್ಪ ಹೇಳಿ ಕಳಿಸ್ಯಾನ್ರಿ. ನಮ್ಮ ಮೆಣಸಿನ ಗಿಡದ ಎಲಿ ಮುದುಡಾಕತ್ತಾವು. ಯಾಕಂತ ಅವಗ ತಿಳಿವಲ್ದಂತ. ನೀವು, ಮಾಸ್ತರ, ಮಕ್ಕಳು ಎಲ್ಲಾರೂ ಹೊಲಕ್ಕ ಬರಬೇಕಂತ."

ಚನ್ನವೀರ ಗಾಬರಿಯಾದ. ಅಕ್ಕೋರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ:

"ಅಕ್ಕೋರ, ಯಮನಪ್ಪ ಹುಟ್ಟಾ ಒಕ್ಕಲಿಗ. ಅವಗ ತಿಳೀದ್ದು ನಮಗೇನ ತಿಳಿತೈತಿ? ಈ ಚಿಕ್ಕ ಮಕ್ಕಳನ್ನ ಕಟಕೊಂಡು ಹೋಗಿ ಅಲ್ಲಿ ಏನ ಹೇಳೂದ್ರಿ?"

ಅಕ್ಕೋರು ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು. ರೇಣುಕಾಳ ಹೆಗಲ ಮೇಲೆ ಕೈಯಿಟ್ಟು ಹೊಲದ ದಾರಿಗೆ ತಿರುಗಿದರು.

"ಬದನಿ ಮಡಿಗೆ ಬಂದವರಿಗೆ ಏನ ತಿಳಿದಿತ್ತು ತಮ್ಮಾ? ಬಂದಿದ್ದರಲ್ಲ."