ಟೇಪಿನ ಕೆಳಗಿನ ಸ್ವಿಚ್ಚು

ಸಿಂಧನೂರಿನ ಒಂದು ಗ್ಯಾರೇಜಿಗೆ ಚೆನ್ನವೀರಗೌಡರು ತಮ್ಮ ಹಳೇ ಲಾರಿ ತಂದು ನಿಲ್ಲಿಸಿದರು. ಎ.ಸಿ. ಕಂಪ್ರೆಸರಿನಿಂದ ಎಣ್ಣೆ ಸೋರುತ್ತಿತ್ತು. ಆ ಸಿಟ್ಟಿಗೆ, ಒಂಬತ್ತು ವರ್ಷದಿಂದ ಆ ಲಾರಿ ಓಡಿಸುತ್ತಿದ್ದ ಖಾಜಾಹುಸೇನನನ್ನು ಹಿಂದಿನ ದಿನವೇ ಕೆಲಸದಿಂದ ಬಿಡಿಸಿದ್ದರು.

“ದಿನಾ ಎ.ಸಿ. ಹಚ್ಕೊಂಡು ಮಲಗಿ ಹಾಳು ಮಾಡ್ಯಾನ. ಹಂಗಂತ ಬರ್ದು ಕೊಡು. ಇಲ್ಲಾಂದ್ರ ನನ್ನ ಆರೂ ಲಾರಿ ಬ್ಯಾರೆ ಗ್ಯಾರೇಜಿಗೆ ಹೋಗ್ತಾವ,” ಎಂದರು ಗೌಡರು ಗ್ಯಾರೇಜಿನ ಮೇಸ್ತ್ರಿಗೆ.

ಮೇಸ್ತ್ರಿ ಗೇಜ್ ಹಚ್ಚಿ ನೋಡಿದ. ಎ.ಸಿ. ಗ್ಯಾಸ್ ಪೂರ್ತಿ ಖಾಲಿ. ಕ್ಯಾಬಿನ್ನಿನೊಳಗೆ ಒಮ್ಮೆ ಇಣುಕಿದ. ಆಮೇಲೆ ಸಾವಕಾಶ ಪೆನ್ನು ತೆಗೆದ.

“ಬರೀತೀನ್ರಿ ಗೌಡ್ರ. ನೀವು ಒಮ್ಮೆ ಹತ್ತಿ ಎ.ಸಿ. ಹಚ್ರಿ.”

ಗೌಡರು ಹತ್ತಿದರು. ಚಾಚಿದ ಕೈ ಅಲ್ಲೇ ನಿಂತಿತು. ಸ್ವಿಚ್ಚಿನ ಮೇಲೆ ಟೇಪ್ ಇತ್ತು. ಡೀಸೆಲ್ ಉಳಿಯಲೆಂದು ಲಾರಿ ಕೊಂಡ ದಿನ ತಾವೇ ಅಂಟಿಸಿ, ಯಾರೂ ಕೀಳಬಾರದೆಂದು ಮೇಲೆ ಸಹಿ ಹಾಕಿದ್ದ ಟೇಪು. ಸಹಿ ಮಾಸಿತ್ತು. ಟೇಪಿನ ಒಂದು ಮೂಲೆಯೂ ಎದ್ದಿರಲಿಲ್ಲ.

“ಏನಂತ ಬರೀಲ್ರಿ?” ಎಂದ ಮೇಸ್ತ್ರಿ. “ಕಂಪ್ರೆಸರ್ ಓಡಿಸದಿದ್ರೂ ಕೆಡ್ತೈತ್ರಿ. ಒಳಗಿನ ರಬ್ಬರ್ ಸೀಲ್ ಒಣಗಿ ಗ್ಯಾಸು, ಎಣ್ಣಿ ಎರಡೂ ಸೋರಿ ಹೋಗ್ತಾವ. ವಾರಕ್ಕ ಹತ್ತು ನಿಮಿಷ ಹಚ್ಚಿದ್ರ ಉಳೀತಿತ್ತು.”

ಸೀಟಿನ ಪಕ್ಕ ಖಾಜಾಹುಸೇನ ಬೆವರು ಒರೆಸಿಕೊಳ್ಳುತ್ತಿದ್ದ ಟವೆಲ್ ನೇತಾಡುತ್ತಿತ್ತು. ಗೌಡರು ಅವನಿಗೆ ಫೋನ್ ಹಚ್ಚಿದರು.

“ನನ್ನ ತಪ್ಪಾಗೈತಿ. ವಾಪಸ್ ಬಾ.”

“ಬ್ಯಾರೆಯವ್ರ ಲಾರಿಗೆ ಸೇರೀನ್ರಿ ಗೌಡ್ರ.”

ಗೌಡರು, “ಅದರಾಗ ಎ.ಸಿ. ಐತೇನು?” ಎಂದರು.

“ಇಲ್ರಿ. ಹಂಗಾಗಿ, ಕೆಡಿಸಿದಿ ಅನ್ನೋರೂ ಇಲ್ರಿ.”