ಅಧ್ಯಕ್ಷರ ನಾರ್ವೆ ಪ್ಲಾನು

ದಾವಣಗೆರೆಯ ಟ್ರಾವೆಲ್ಸ್ ಆಫೀಸಿಗೆ ಕ್ಲಬ್ ಅಧ್ಯಕ್ಷ ಹಾಲಸ್ವಾಮಿಯವರು ಬಂದರು. ಡ್ರೈವರ್ ಬಾಗಿಲು ತೆಗೆದು ಹಿಡಿದ ಮೇಲೆಯೇ ಒಳಗೆ ಕಾಲಿಟ್ಟರು.

"ನಾರ್ವೆಯಲ್ಲಿ ನಾಲ್ಕು ದಿನ ಸ್ನೋಬೋರ್ಡಿಂಗ್. ಅರ್ಧ ರೇಟಿಗೆ ಆಗ್ಬೇಕು. ಇಲ್ಲಾಂದ್ರೆ ಓನರಿಗೆ ಹೇಳಿ ನಿನ್ನ ಕೆಲಸದಿಂದ ತೆಗೆಸ್ತೀನಿ," ಎಂದು ಕ್ಲರ್ಕ್ ನಾಗವೇಣಿಗೆ ಗದರಿದರು.

ನಾಗವೇಣಿ ಅಲ್ಲೇ ಪ್ಲಾನು ಬರೆದುಕೊಟ್ಟಳು. ಅಧ್ಯಕ್ಷರು ಓದಿ ಕೆಂಪಾದರು.

"ಮರದ ಗುಡಿಸಲಾ? ಅಡುಗೆ ನಾನೇ ಮಾಡ್ಬೇಕಾ? ಹೊರಡೋವಾಗ ನೆಲಾನೂ ಒರೆಸ್ಬೇಕಾ?"

"ಅಲ್ಲಿಯ ಪದ್ಧತಿ ಸರ್. ಆಳುಗಳು ಇರಲ್ಲ, ಎಲ್ಲಾ ನಾವೇ ಮಾಡ್ಕೋಬೇಕು."

"ನಾನು ಯಾರು ಅಂತ ಗೊತ್ತಾ?"

"ಇಲ್ಲಿ ಎಲ್ಲರಿಗೂ ಗೊತ್ತು ಸರ್. ಅಲ್ಲಿ ಯಾರಿಗೂ ಗೊತ್ತಿಲ್ಲ. ಅದಕ್ಕೇ ಅರ್ಧ ರೇಟು."

ಅಧ್ಯಕ್ಷರು ದಡಕ್ಕನೆ ಎದ್ದು ಹೋಗಿ, ಮುಚ್ಚಿದ ಬಾಗಿಲು ಯಾರಾದರೂ ತೆಗೆಯಲಿ ಎಂದು ನಿಂತರು. ಡ್ರೈವರ್ ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದ.

"ತಳ್ಳಿ ಸರ್," ಎಂದಳು ನಾಗವೇಣಿ, ಕೂತಲ್ಲಿಂದಲೇ. "ಅಭ್ಯಾಸ ಆಗ್ಲಿ."