ಕುಂಬಾರಗಿತ್ತಿಗೆ ಸಿಕ್ಕ ರಜೆ

ಶಿಷ್ಯ ಕೇಳಿದ: "ಗುರುಗಳೇ, ಇಂಗ್ಲಿಷಿನ ವಾಕ್ಯಗಳು ಎಷ್ಟು ಬಗೆಯೋ ಅಷ್ಟನ್ನೂ ಬಾಯಿಪಾಠ ಮಾಡಿದ್ದೇನೆ. ಕರ್ತೃ ಎಲ್ಲಿ, ಕ್ರಿಯೆ ಎಲ್ಲಿ, ಕರ್ಮ ಎಲ್ಲಿ ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಆದರೂ ಲೇಖನಿ ಹಿಡಿದರೆ ಒಂದು ಸಾಲೂ ಮೂಡುವುದಿಲ್ಲ. ಇನ್ನೂ ಎಷ್ಟು ಮಾದರಿ ಕಲಿಯಬೇಕು?"

ಗುರುಗಳು ನಕ್ಕು ಕತೆ ಹೇಳಿದರು.

ಕಚೇರಿಯ ಮುಂದಿನ ಹುಣಸೆಮರದ ಕೆಳಗೆ ಒಬ್ಬ ಅರ್ಜಿ ಬರೆಯುವವನಿದ್ದ. ಒಳಗಿದ್ದ ದೊರೆಗೆ ಕನ್ನಡ ಬಾರದು, ಹೊರಗಿದ್ದ ಜನಕ್ಕೆ ಇಂಗ್ಲಿಷ್ ಬಾರದು. ಹೀಗಾಗಿ ಇವನು ಆಡಿದ್ದೇ ಆಟ. ಅಪ್ಪನಿಂದ ಬಂದ ಒಂದು ಪುಸ್ತಕ ಅವನ ಬಳಿ ಇತ್ತು. ಅದರಲ್ಲಿ ಇಂಗ್ಲಿಷಿನ ಹನ್ನೆರಡು ಅರ್ಜಿಗಳು, ಒಂದಕ್ಕಿಂತ ಒಂದು ಉದ್ದ. ಬಂದವರ ಹೆಸರು ತುಂಬಿಕೊಟ್ಟರೆ ಮುಗಿಯಿತು. ಅವನ ವಾಕ್ಯದಲ್ಲಿ ಯಾರೂ ಒಂದು ತಪ್ಪನ್ನೂ ಕಂಡಿರಲಿಲ್ಲ. ಆ ಹೆಮ್ಮೆಯಲ್ಲಿ ಜನರ ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದ.

ಒಂದು ದಿನ ಒಬ್ಬಳು ಕುಂಬಾರಗಿತ್ತಿ ಬಂದಳು. ಕಚೇರಿಯವರು ಕೆರೆಗೆ ಬೇಲಿ ಹಾಕಿ, ಬಾಗಿಲಿಗೆ ಬೀಗ ಜಡಿದಿದ್ದರು. ಅವಳು ಮಣ್ಣು ತರುತ್ತಿದ್ದುದು ಅಲ್ಲಿಂದಲೇ. ದೀಪಾವಳಿಗೆ ಇಪ್ಪತ್ತು ದಿನ ಉಳಿದಿತ್ತು. ಹಣತೆ ಮಾಡದಿದ್ದರೆ ಆ ವರ್ಷ ಮನೆಯಲ್ಲಿ ಒಲೆ ಉರಿಯುವಂತಿರಲಿಲ್ಲ.

ಅವನು ಪುಸ್ತಕ ತಿರುವಿದ. ಕೆರೆಗೂ ಮಣ್ಣಿಗೂ ಅದರಲ್ಲಿ ಜಾಗವಿರಲಿಲ್ಲ. ಇದ್ದುದರಲ್ಲಿ ಬಹಳ ಗಂಭೀರವಾಗಿದ್ದುದು 'ಜ್ವರದಿಂದ ನರಳುತ್ತಿರುವುದರಿಂದ' ಎಂದು ಶುರುವಾಗುವ ಅರ್ಜಿ. ಕಷ್ಟವೆಂದರೆ ಎಲ್ಲ ಕಷ್ಟವೂ ಒಂದೇ ಎಂದುಕೊಂಡು ಅದನ್ನೇ ಬರೆದುಕೊಟ್ಟ.

ನಾಲ್ಕು ದಿನಕ್ಕೆ ದೊರೆಯ ಆದೇಶ ಬಂತು. ಅವನೇ ಅದನ್ನು ಅವಳಿಗೆ ಓದಿ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. ಕುಂಬಾರಗಿತ್ತಿಗೆ ಮೂರು ದಿನ ರಜೆ ಮಂಜೂರಾಗಿತ್ತು. ಗಂಜಿ ಕುಡಿಯಬೇಕೆಂಬ ಸಲಹೆಯೂ ಇತ್ತು.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸಾಕಾಗಿ ಅವನೆದುರು ಕುಳಿತಳು.

"ನಂಗೆ ಜ್ವರ ಬಂದಿಲ್ಲ ಸ್ವಾಮಿ, ಕೆರೆಗೆ ಬೇಲಿ ಬಂದೈತೆ. ಬೆಳಿಗ್ಗೆ ಒಂದು ಗಳಿಗೆ ಬೀಗ ತೆಗೆದ್ರೆ ಮಣ್ಣು ತಕ್ಕೊಂಡು ಹೋಗ್ತೀನಿ. ಇಷ್ಟೇಯಾ. ಇದನ್ನ ಅವರ ಭಾಷೇಲಿ ಬರೆಯಾಕಾಗಲ್ವಾ?"

"ಇದು ಪುಸ್ತಕದಲ್ಲಿಲ್ಲವಲ್ಲ, ತಾಯಿ."

"ಪುಸ್ತಕದಾಗೆ ಇಲ್ದಿದ್ರೆ ಏನಾಯ್ತು, ನನ್ ಬಾಯಾಗೈತಲ್ಲ!"

ಅವನಿಗೆ ನಾಚಿಕೆಯಾಯಿತು. ಪುಸ್ತಕ ಮುಚ್ಚಿದ. ಒಬ್ಬರ ಮಾತನ್ನು ಕೊನೆಯವರೆಗೆ ಕೇಳಿದ್ದು ಅದೇ ಮೊದಲು. ಆಮೇಲೆ ಮೂರು ಪುಟ್ಟ ವಾಕ್ಯ ಬರೆದ. ನಮ್ಮ ಮಾತಿನಲ್ಲಿ ಕೊನೆಗೆ ಬರುವ ಕ್ರಿಯೆಯನ್ನು ಎಳೆದು ತಂದು ಹೇಗೋ ನಡುವೆ ಕೂರಿಸಿದ. ಮೂರರಲ್ಲಿ ಎರಡು ವಾಕ್ಯ ತಪ್ಪಾದವು. ಹರಿದುಹಾಕೋಣ ಎನಿಸಿತು. ಅಷ್ಟರಲ್ಲಿ ಅವಳು ಕಾಗದ ಕಿತ್ತುಕೊಂಡು ಒಳಗೆ ಹೋಗಿಬಿಟ್ಟಿದ್ದಳು.

ದೊರೆ ಕೆಂಪು ಶಾಯಿಯಲ್ಲಿ ಎರಡು ತಪ್ಪು ತಿದ್ದಿದ. ಕೆಳಗೆ ಸಹಿ ಹಾಕಿದ. ಬೀಗದ ಕೈಯನ್ನು ಅವಳ ಕೈಗೇ ಕೊಟ್ಟ.

ದೀಪಾವಳಿಯ ಸಂಜೆ ಹುಣಸೆಮರದ ಬುಡದಲ್ಲೂ ಒಂದು ಹಣತೆ ಉರಿಯಿತು.

ಗುರುಗಳು ಕತೆ ನಿಲ್ಲಿಸಿದರು. "ಹಾಗಾದರೆ ಮಾದರಿಗಳನ್ನು ಕಲಿಯಬಾರದೇ?" ಎಂದು ಶಿಷ್ಯ ಕೇಳಿದ.

"ಕಲಿ, ಬೇಕಾಗುತ್ತವೆ. ಅದಿರಲಿ, ನಿನಗೆ ಯಾರಿಗೆ ಏನು ಹೇಳಬೇಕಾಗಿದೆ?"